ರಾತ್ರಿ ಪಾಳಿಯ ಆರೈಕೆ: ಬಿಲ್ಲಿಗೂ ಸಂಬಳಕ್ಕೂ ನಿಯಮ ಕೂರಿಸುವ ಬಗೆ

ಮನೆಗಳಿಗೆ ಆರೈಕೆಯ ಸಿಬ್ಬಂದಿ ಕಳಿಸುವ ಸಂಸ್ಥೆ ಮನೆಯವರಿಗೆ ಬಿಲ್ ಮಾಡಬೇಕು, ಸಿಬ್ಬಂದಿಗೆ ಸಂಬಳ ಕೊಡಬೇಕು. ರಾತ್ರಿ 9ಕ್ಕೆ ಬಂದು ಬೆಳಿಗ್ಗೆ 7ಕ್ಕೆ ಹೋಗುವ ಒಂದೇ ಡ್ಯೂಟಿಯೊಳಗೆ ಎರಡು ತಾರೀಖು ಇರುತ್ತವೆ, ವಾರದ ಎರಡು ದಿನ ಇರುತ್ತವೆ, ತಿಂಗಳ ಕೊನೆಯಾದರೆ ಎರಡು ತಿಂಗಳೂ ಇರುತ್ತವೆ. ಆ ಹತ್ತು ಗಂಟೆಯಲ್ಲಿ ಸಿಬ್ಬಂದಿ ಒಂದಷ್ಟು ಹೊತ್ತು ಕೆಲಸ ಮಾಡಿರುತ್ತಾರೆ, ಒಂದಷ್ಟು ಹೊತ್ತು ಮಲಗಿರುತ್ತಾರೆ, ನಡುವೆ ಮೂರ್ನಾಲ್ಕು ಸಲ ಎದ್ದು ಕೂತಿರುತ್ತಾರೆ. ಹಗಲು ಪಾಳಿಗೆಂದು ಮಾಡಿಟ್ಟ 'ಗಂಟೆ ಗುಣಿಸು ದರ' ಲೆಕ್ಕವನ್ನು ಇದಕ್ಕೆ ಹಚ್ಚಿದರೆ ತಪ್ಪು ಮೊದಲ ತಿಂಗಳು ಕಾಣುವುದಿಲ್ಲ. ಹಬ್ಬದ ಹಿಂದಿನ ರಾತ್ರಿಯೋ ತಿಂಗಳ ಕೊನೆಯ ರಾತ್ರಿಯೋ ಬಂದಾಗ ಮನೆಯವರಿಂದಲೂ ಸಿಬ್ಬಂದಿಯಿಂದಲೂ ಒಟ್ಟಿಗೆ ಫೋನ್ ಬರುತ್ತದೆ. ಸಾಫ್ಟ್‌ವೇರ್ ಆಗಲಿ ಎಕ್ಸೆಲ್ ಶೀಟ್ ಆಗಲಿ, ನಿಯಮ ಕೂರಿಸುವ ಕ್ರಮ ಒಂದೇ.

ಮೊದಲು ಪಾಳಿಯ ಬಗೆ

'ನೈಟ್ ಡ್ಯೂಟಿ' ಎಂಬ ಒಂದೇ ಕೋಡ್ ಇಟ್ಟುಕೊಂಡಿದ್ದರೆ ಅದನ್ನು ಒಡೆಯಿರಿ. ಕನಿಷ್ಠ ಮೂರು ಬೇಕು.

ಎಚ್ಚರದ ಪಾಳಿಯಲ್ಲಿ ಸಿಬ್ಬಂದಿ ರಾತ್ರಿಯಿಡೀ ಎದ್ದಿರಬೇಕು. ಪ್ರತಿ ನಿಮಿಷವೂ ಕೆಲಸ, ಲೆಕ್ಕ ಗಂಟೆಗೆ. ಮಲಗುವ ಪಾಳಿಯಲ್ಲಿ ಅಲ್ಲೇ ಮಲಗಿ, ಕರೆದಾಗ ಏಳುವುದು. ಇಡೀ ರಾತ್ರಿಗೆ ಒಂದು ಗೊತ್ತಾದ ಭತ್ಯೆ, ಎದ್ದ ಹೊತ್ತಿಗೆ ಬೇರೆ ದರ. ಮೂರನೆಯದು ಇಪ್ಪತ್ನಾಲ್ಕು ಗಂಟೆ ಡ್ಯೂಟಿ. ಅದರೊಳಗಿನ ರಾತ್ರಿಯನ್ನು ಪ್ರತ್ಯೇಕ ಪಾಳಿಯಾಗಿ ನಮೂದಿಸಬೇಡಿ, ಅದೇ ಡ್ಯೂಟಿಯ ಒಂದು ತುಂಡು ಎಂದು ಇಡಿ.

ಯಾವ ಮನೆಗೆ ಯಾವ ಬಗೆ ಎಂಬುದನ್ನು ಆರೈಕೆಯ ಯೋಜನೆ ನೋಡಿ ಹೇಳಬೇಕು, ಮನೆಯವರು ಎಷ್ಟು ಕೊಡಲು ಒಪ್ಪಿದ್ದಾರೆ ಎಂಬುದನ್ನು ನೋಡಿ ಅಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿಯ ಬಳಿ ಮಲಗುವ ಪಾಳಿ ಹಾಕಿದರೆ ಆ ಹೆಸರೇ ಸುಳ್ಳು. ಮೊದಲೇ ಗೊತ್ತಿರುವ ಕೆಲಸಕ್ಕೆ ಏಳುವುದು 'ಕರೆದಾಗ ಏಳುವುದು' ಆಗುವುದಿಲ್ಲ. ಇಂಥ ಕಡೆ ದರ ಉಳಿಸಲು ಹೋದ ಸಂಸ್ಥೆಗಳು ಆಮೇಲೆ ಹಿಂಬಾಕಿ ಕಟ್ಟುವಾಗ ಉಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತವೆ.

ಜೊತೆಗೆ ಒಂದು ಪರಿವರ್ತನೆ ನಿಯಮ ಬರೆದಿಡಿ: ಮಲಗುವ ಅವಧಿಯಲ್ಲಿ ಎದ್ದ ಹೊತ್ತು ಇಷ್ಟು ದಾಟಿದರೆ ಆ ರಾತ್ರಿ ಎಚ್ಚರದ ಪಾಳಿಯಾಗಿ ಲೆಕ್ಕಕ್ಕೆ ಬರುತ್ತದೆ, ಒಂದೇ ವಾರದಲ್ಲಿ ಮೂರು ರಾತ್ರಿ ಹೀಗಾದರೆ ಮುಂದಿನ ವಾರದಿಂದ ರೋಸ್ಟರನ್ನೇ (ಪಾಳಿಯ ಪಟ್ಟಿಯನ್ನೇ) ಬದಲಿಸಬೇಕು. ಈ ಸಂಖ್ಯೆಗಳು ಮನೆಯವರೊಂದಿಗಿನ ಒಪ್ಪಂದದಲ್ಲೂ ಇರಲಿ, ನೇಮಕಾತಿ ಪತ್ರದಲ್ಲೂ ಇರಲಿ.

ಕಾನೂನು ಎಲ್ಲಿ ತಿರುಗುತ್ತದೆ

ಮಲಗಿದ ಹೊತ್ತು ಕೆಲಸದ ಹೊತ್ತೇ ಎಂಬ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಟ್ಟಿದೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ, ಮಲಗಲು ಅನುಮತಿ ಇರುವ ಪಾಳಿಯಲ್ಲಿ ಕೆಲಸಕ್ಕಾಗಿ ಎದ್ದ ಹೊತ್ತಷ್ಟೇ ಕನಿಷ್ಠ ವೇತನದ ಲೆಕ್ಕಕ್ಕೆ ಬರುತ್ತದೆ ಎಂದು ತೀರ್ಪು ಕೊಟ್ಟಿತು. ಅಮೆರಿಕದ ಫೆಡರಲ್ ನಿಯಮ ಬೇರೆ ದಾರಿ ಹಿಡಿಯುತ್ತದೆ: ಡ್ಯೂಟಿ 24 ಗಂಟೆಗಿಂತ ಕಡಿಮೆ ಇದ್ದರೆ ನಿದ್ದೆಯೂ ಕೆಲಸವೇ. 24 ಗಂಟೆ ಅಥವಾ ಹೆಚ್ಚಿದ್ದರೆ ಇಬ್ಬರ ಒಪ್ಪಿಗೆಯ ಮೇಲೆ, ಮಲಗಲು ಸರಿಯಾದ ಜಾಗ ಕೊಟ್ಟು, 8 ಗಂಟೆಯವರೆಗೆ ನಿದ್ದೆಯನ್ನು ಕಳೆಯಬಹುದು. ಆದರೆ ಆ ಅವಧಿಯಲ್ಲಿ 5 ಗಂಟೆಯಾದರೂ ನಿದ್ದೆ ಸಿಗದಿದ್ದರೆ ಇಡೀ ಅವಧಿ ಕೆಲಸವಾಗುತ್ತದೆ. ಯುರೋಪಿನ ನ್ಯಾಯಾಲಯ 2000ದ ಸಿಮಾಪ್ ಮತ್ತು 2003ರ ಯೇಗರ್ ಪ್ರಕರಣಗಳಲ್ಲಿ, ಕೆಲಸದ ಜಾಗದಲ್ಲೇ ಇರಬೇಕಾದ ಕಾಯುವ ಹೊತ್ತು ಪೂರ್ತಿ ಕೆಲಸದ ಹೊತ್ತು ಎಂದಿತು. ಅದು ವಿಶ್ರಾಂತಿಯ ಲೆಕ್ಕಕ್ಕೆ. ಆ ತೀರ್ಪುಗಳಿಗೆ ಆಧಾರವಾದ ಯುರೋಪಿನ ಕೆಲಸದ ಹೊತ್ತಿನ ನಿರ್ದೇಶನ ಸಂಬಳದ ದರವನ್ನು ಹೇಳುವುದಿಲ್ಲ.

ಆದ್ದರಿಂದ ಸೆಟ್ಟಿಂಗ್‌ನಲ್ಲಿ ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಕಾಲಂ ಬೇಕು: ಮಲಗಿದ ಹೊತ್ತು ಕನಿಷ್ಠ ವೇತನಕ್ಕೆ ಎಣಿಕೆಯೇ? ವಿಶ್ರಾಂತಿ ಮತ್ತು ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಮಿತಿಗೆ ಎಣಿಕೆಯೇ? ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎಂಬ ಉತ್ತರ ಬರಬಹುದು. ಒಂದೇ ಟಿಕ್ ಬಾಕ್ಸ್ ಇಟ್ಟರೆ ಎರಡರಲ್ಲಿ ಒಂದು ಸದಾ ತಪ್ಪು.

ದಾಖಲೆ ಒಂದು, ಪಟ್ಟಿ ಎರಡು

ನಿಜವಾಗಿ ನಡೆದದ್ದನ್ನು ಒಂದೇ ಕಡೆ ಬರೆಯಿರಿ. ಬಿಲ್ಲಿನ ನಿಯಮಗಳೂ ಸಂಬಳದ ನಿಯಮಗಳೂ ಅದನ್ನೇ ಓದಲಿ, ಒಂದನ್ನೊಂದು ನೋಡುವುದು ಬೇಡ. ಬಿಲ್ ಮೊತ್ತದ ಇಷ್ಟು ಶೇಕಡಾ ಸಂಬಳ ಎಂದು ಕಟ್ಟಿದ ಶೀಟ್‌ಗಳು ಹಗಲಿನಲ್ಲಿ ಹೇಗೋ ನಡೆಯುತ್ತವೆ. ರಾತ್ರಿಯ ಪ್ಯಾಕೇಜ್ ದರ ಬಂದ ಕೂಡಲೇ ಮುರಿಯುತ್ತವೆ. ಮನೆಯವರಿಗೆ ರಿಯಾಯಿತಿ ಕೊಟ್ಟ ತಿಂಗಳು ಸಿಬ್ಬಂದಿಯ ಸಂಬಳ ಕಡಿತವಾಗುವುದು ಹೀಗೇ.

ದಾಖಲೆಯಲ್ಲಿ ಇರಬೇಕಾದ್ದು: ಯಾರು, ಯಾರ ಮನೆ, ಪಾಳಿಯ ಬಗೆ, ರೋಸ್ಟರಿನ ಆರಂಭ ಮತ್ತು ಮುಕ್ತಾಯ, ನಿಜವಾದ ಆರಂಭ ಮತ್ತು ಮುಕ್ತಾಯ, ಪ್ರತಿ ಸಲ ಎದ್ದಾಗಿನ ಆರಂಭ ಮತ್ತು ಮುಕ್ತಾಯ, ಕಾರಣ, ಮಾಡಿದ ಕೆಲಸ, ನಮೂದಿಸಿದವರು, ನಮೂದಿಸಿದ ಸಮಯ. ಕಾರಣಕ್ಕೆ ಆರೇಳು ಕೋಡ್ ಸಾಕು: ಶೌಚ, ಮಗ್ಗುಲು, ಔಷಧಿ, ನೋವು, ಬಿದ್ದದ್ದು, ಗಾಬರಿಯಿಂದ ಓಡಾಟ, ಇತರೆ. ಎದ್ದ ಹೊತ್ತು ಎಂದರೆ ಹಾಸಿಗೆ ಬಿಟ್ಟ ಕ್ಷಣದಿಂದ ಮತ್ತೆ ಮಲಗುವವರೆಗೆ; ರೋಗಿ ನಿದ್ದೆಹೋದ ಮೇಲೆ ಬಟ್ಟೆ ನೆನೆಸಿದ್ದು, ಲಾಗ್‌ಬುಕ್ ಬರೆದದ್ದು ಕೂಡ ಇದರಲ್ಲೇ.

ನಮೂದಿಸಿದ ಸಮಯದ ಕಾಲಂ ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು ತಿಂಗಳ ಲಾಗ್ ತೆರೆದು ನೋಡಿ: ಎದ್ದದ್ದೆಲ್ಲ 2:00, 4:00, 5:30 ಎಂದೇ ಇದ್ದರೆ ಅದು ಬೆಳಿಗ್ಗೆ ನೆನಪಿನಿಂದ ತುಂಬಿದ್ದು. 2:10, 4:53 ಎಂಬ ಅಂಕಿಗಳಿದ್ದರೆ ಆಗಲೇ ಬರೆದದ್ದು. ನೆನಪಿನಿಂದ ಬರೆದ ಲಾಗ್ ಇಟ್ಟುಕೊಂಡು ಮನೆಯವರ ಮುಂದೆ ಹೆಚ್ಚುವರಿ ಬಿಲ್ ಸಮರ್ಥಿಸುವುದು ಕಷ್ಟ.

ನಡುರಾತ್ರಿಯ ಗೆರೆ

ಆರಂಭಕ್ಕೂ ಮುಕ್ತಾಯಕ್ಕೂ ತಾರೀಖು ಮತ್ತು ಸಮಯ ಎರಡನ್ನೂ ಒಂದೇ ಕೋಶದಲ್ಲಿ ಇಡಿ. ತಾರೀಖಿಗೆ ಒಂದೇ ಕಾಲಂ, ಸಮಯಕ್ಕೆ ಎರಡು ಎಂಬ ಹಳೆಯ ಹಾಜರಿ ಪಟ್ಟಿಯ ವಿನ್ಯಾಸದಲ್ಲಿ 07:00ರಿಂದ 21:00 ಕಳೆದರೆ ಮೈನಸ್ 14 ಗಂಟೆ ಬರುತ್ತದೆ. ಎಕ್ಸೆಲ್‌ನಲ್ಲಿ ಇಂಥ ಕೋಶದ ತುಂಬ # ಗುರುತು ಕಾಣುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ.

ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಪಾಳಿಯನ್ನು 21:00–23:59 ಮತ್ತು 00:00–07:00 ಎಂದು ಎರಡಾಗಿ ನಮೂದಿಸುತ್ತಾರೆ. ಹಾಗೆ ಮಾಡಬೇಡಿ. ಒಂದು ನಿಮಿಷ ಕಳೆದುಹೋಗುವುದು ಸಣ್ಣ ಮಾತು. ರಾತ್ರಿ ಭತ್ಯೆ ಎರಡು ಸಲ ಬೀಳುತ್ತದೆ, ಪಾಳಿಗೆ ಕನಿಷ್ಠ ಇಷ್ಟು ಗಂಟೆ ಎಂಬ ನಿಯಮ ಎರಡು ಸಲ ಹತ್ತುತ್ತದೆ, ಹತ್ತು ಗಂಟೆಯ ಪಾಳಿ ಮೂರು ಮತ್ತು ಏಳಾಗಿ ಕಂಡು ದಿನದ ಓಟಿ ಮಾಯವಾಗುತ್ತದೆ. ಪಾಳಿ ಒಂದೇ ದಾಖಲೆಯಾಗಿರಲಿ. ಗೆರೆಯಲ್ಲಿ ಒಡೆಯುವ ಕೆಲಸವನ್ನು ಲೆಕ್ಕದ ಹಂತ ಮಾಡಲಿ. ಒಡೆಯುವಾಗ ಆರಂಭದ ಕ್ಷಣ ಒಳಗೆ, ಮುಕ್ತಾಯದ ಕ್ಷಣ ಹೊರಗೆ ಎಂಬ ಪದ್ಧತಿ ಹಿಡಿಯಿರಿ: ಶನಿವಾರದ ತುಂಡು 00:00ಕ್ಕೆ ಮುಗಿಯುತ್ತದೆ, ಭಾನುವಾರದ್ದು ಅದೇ 00:00ಕ್ಕೆ ಶುರು.

ಒಡೆಯಬೇಕೇ ಎಂಬುದೇ ಬೇರೆ ತೀರ್ಮಾನ. ದಾರಿ ಮೂರು: ಪಾಳಿ ಶುರುವಾದ ದಿನದ ದರ ಪೂರ್ತಿಗೆ, ಹೆಚ್ಚು ಗಂಟೆ ಬಿದ್ದ ದಿನದ ದರ ಪೂರ್ತಿಗೆ, ಅಥವಾ ನಡುರಾತ್ರಿಯಲ್ಲಿ ಸೀಳಿ ಆಯಾ ದಿನದ ದರ. ಭಾರತದ ಕಾರ್ಖಾನೆ ಕಾಯ್ದೆ 1948ರಲ್ಲೇ ಇದಕ್ಕೆ ಒಂದು ಉತ್ತರ ಕೊಟ್ಟಿತ್ತು. ಅದರ 57ನೇ ಸೆಕ್ಷನ್ ಪ್ರಕಾರ ನಡುರಾತ್ರಿ ದಾಟುವ ಪಾಳಿಯವರಿಗೆ ಹನ್ನೆರಡರ ನಂತರ ಮಾಡಿದ ಗಂಟೆಗಳು ಹಿಂದಿನ ದಿನಕ್ಕೇ ಸೇರುತ್ತಿದ್ದವು, ವಾರದ ರಜೆ ಪಾಳಿ ಮುಗಿದ ಕ್ಷಣದಿಂದ 24 ಗಂಟೆ ಇರುತ್ತಿತ್ತು. ಗಂಟೆಗಳನ್ನು ಯಾವ ದಿನಕ್ಕೆ ಸೇರಿಸುವುದು ಎಂಬುದಕ್ಕೆ ಇದು ಅಚ್ಚುಕಟ್ಟು. ರಜಾದಿನದ ದರಕ್ಕೆ ಮಾತ್ರ, ಕಾನೂನು ನಮ್ಮ ಆಯ್ಕೆಗೆ ಬಿಟ್ಟ ಕಡೆ, ಸೀಳುವುದೇ ಲೇಸು. ಶುರುವಾದ ದಿನದ ದರ ಎಂದಿಟ್ಟರೆ ರಜೆಯ ಹಿಂದಿನ ರಾತ್ರಿಗೆ ಬರುವವರು ರಜೆಯ ಏಳು ಗಂಟೆ ದುಡಿದೂ ಹೆಚ್ಚಿನದೇನೂ ಪಡೆಯುವುದಿಲ್ಲ. ಎರಡನೇ ವರ್ಷ ಆ ರಾತ್ರಿಗೆ ಯಾರೂ ಸಿಗುವುದಿಲ್ಲ.

ತಿಂಗಳ ಗೆರೆಗೆ ಒಂದೇ ವಾಕ್ಯ: ಪಾಳಿ ಶುರುವಾದ ತಾರೀಖು ಯಾವ ತಿಂಗಳಿಗೆ ಸೇರಿದೆಯೋ ಬಿಲ್ಲೂ ಸಂಬಳವೂ ಆ ತಿಂಗಳಿಗೆ. ದರಪಟ್ಟಿ ಬದಲಾದಾಗಲೂ ಅದೇ. ಗಡಿಯಾರ ಮುಂದೆ ಹಿಂದೆ ಮಾಡುವ ದೇಶಗಳಲ್ಲಿ ವರ್ಷಕ್ಕೆ ಎರಡು ರಾತ್ರಿ 9ರಿಂದ 7 ಎಂದರೆ ಒಂದು ಸಲ 9 ಗಂಟೆ, ಇನ್ನೊಂದು ಸಲ 11 ಗಂಟೆ. ಸಮಯವಲಯದ ಸಮೇತ ಸಮಯ ಉಳಿಸಿ, ಕಳೆದ ಗಂಟೆ ಎಣಿಸಿ.

ಒಂದು ರಾತ್ರಿ, ನಿಮಿಷ ನಿಮಿಷವಾಗಿ

ಶನಿವಾರ 21:00ರಿಂದ ಭಾನುವಾರ 07:00, ಮಲಗುವ ಪಾಳಿ. 21:00–22:00 ಕೆಲಸ, 22:00–06:00 ಮಲಗುವ ಅವಧಿ, 06:00–07:00 ಕೆಲಸ. ಮೂಲ ದರ ಗಂಟೆಗೆ 100 ಎಂದಿಟ್ಟುಕೊಳ್ಳಿ. ಭಾನುವಾರ 1.5 ಪಟ್ಟು. ಮಲಗುವ ಭತ್ಯೆ 300. ಎದ್ದ ಹೊತ್ತಿಗೆ 1.25 ಪಟ್ಟು, ಸಲಕ್ಕೆ ಕನಿಷ್ಠ 30 ನಿಮಿಷ. ಎರಡು ಹೆಚ್ಚಳ ಒಟ್ಟಿಗೆ ಬಂದರೆ ದೊಡ್ಡದು ಮಾತ್ರ. ಲಾಗ್‌ನಲ್ಲಿ ನಾಲ್ಕು ಸಲ ಎದ್ದದ್ದಿದೆ: 23:40–00:25, 02:10–02:20, 02:30–02:40, 04:50–05:35. ನಿಜವಾದ ನಿಮಿಷ 110.

ಮೊದಲ ಬಲೆ ಎರಡನೆಯ ಮತ್ತು ಮೂರನೆಯ ಸಲದಲ್ಲಿದೆ. ಎರಡಕ್ಕೂ ಬೇರೆ ಬೇರೆ 30 ನಿಮಿಷ ಕೊಟ್ಟರೆ 02:10ರಿಂದ 02:40ರ ಅರ್ಧ ಗಂಟೆಗೆ ಒಂದು ಗಂಟೆಯ ಹಣ ಹೋಗುತ್ತದೆ. 02:10ಕ್ಕೆ ಶುರುವಾದ ಕನಿಷ್ಠ ಅವಧಿ 02:40ರವರೆಗೆ ಇದೆ. ಅದರೊಳಗೆ ಮತ್ತೆ ಎದ್ದರೆ ಅದೇ ಅವಧಿಗೆ ಸೇರಿಸಿ. ಹಾಗೆಯೇ 05:50ಕ್ಕೆ ಎದ್ದರೆ ಕನಿಷ್ಠ ಅವಧಿಯನ್ನು 06:00ಕ್ಕೆ ಕತ್ತರಿಸಿ, ಅಲ್ಲಿಂದ ಮುಂದೆ ಹೇಗೂ ಕೆಲಸದ ದರ ಓಡುತ್ತದೆ. ಹೀಗೆ ಸೇರಿಸಿದ ಮೇಲೆ ಸಂಬಳದ ನಿಮಿಷ 45 + 30 + 45 = 120.

ಸಂಬಳ:
21:00–22:00, ಶನಿವಾರ — 100
ಮಲಗುವ ಭತ್ಯೆ — 300
23:40–00:00, 20 ನಿಮಿಷ, 1.25 ಪಟ್ಟು — 41.67
00:00–00:25, 25 ನಿಮಿಷ, 1.5 ಪಟ್ಟು — 62.50
02:10–02:40, 30 ನಿಮಿಷ, 1.5 ಪಟ್ಟು — 75
04:50–05:35, 45 ನಿಮಿಷ, 1.5 ಪಟ್ಟು — 112.50
06:00–07:00, ಭಾನುವಾರ — 150
ಒಟ್ಟು 841.67

'ದೊಡ್ಡದು ಮಾತ್ರ' ಎಂಬ ಮಾತು ನಿಯಮದಲ್ಲಿ ಇಲ್ಲದಿದ್ದರೆ ಸಾಫ್ಟ್‌ವೇರ್ 1.25 ಮತ್ತು 1.5 ಅನ್ನು ಗುಣಿಸಿ 1.875 ಮಾಡಿಬಿಡಬಹುದು, ಆಗ ಒಟ್ಟು 904.17. ಕೂಡುವುದೋ, ಗುಣಿಸುವುದೋ, ದೊಡ್ಡದನ್ನು ಹಿಡಿಯುವುದೋ ಎಂದು ಪ್ರತಿ ಜೋಡಿಗೂ ಸ್ಪಷ್ಟವಾಗಿ ಬರೆಯಬೇಕು.

ಈಗ ಬಿಲ್. ರಾತ್ರಿಯ ಪ್ಯಾಕೇಜ್ 1,100, ಅದರಲ್ಲಿ ಮೊದಲ 60 ನಿಮಿಷದ ಎದ್ದ ಹೊತ್ತು ಸೇರಿದೆ, ಮಿಕ್ಕದ್ದು ನಿಜವಾದ ನಿಮಿಷದಂತೆ ಗಂಟೆಗೆ 160. ಹೆಚ್ಚುವರಿ 50 ನಿಮಿಷಕ್ಕೆ 133.33, ಒಟ್ಟು 1,233.33. ಉಳಿದದ್ದು 391.66. ಅದೇ ರೋಗಿ ರಾತ್ರಿಯಿಡೀ ನೆಮ್ಮದಿಯಾಗಿ ಮಲಗಿದ್ದರೆ ಬಿಲ್ 1,100, ಸಂಬಳ 550, ಉಳಿಕೆ 550. ಮನೆಯವರು ಹೆಚ್ಚು ಕೊಟ್ಟ ರಾತ್ರಿಯೇ ಸಂಸ್ಥೆಗೆ ಕಡಿಮೆ ಉಳಿದಿದೆ.

ಎರಡು ಪಟ್ಟಿಗಳ ಕನಿಷ್ಠಗಳು ಹೊಂದದಿರುವುದು ಒಂದು ಕಾರಣ. ಆ ರಾತ್ರಿ ಇನ್ನೊಂದು ಹತ್ತು ನಿಮಿಷದ ಎದ್ದ ಹೊತ್ತು ಸೇರಿತೆನ್ನಿ: ಸಂಬಳ 75, ಬಿಲ್ 26.67, ಪ್ರತಿ ಸಲಕ್ಕೂ 48.33 ಕೈಯಿಂದ. ಬಿಲ್ಲಿನಲ್ಲೂ ಸಲಕ್ಕೆ 30 ನಿಮಿಷ ಎಂಬ ಕನಿಷ್ಠ ಹಾಕಿದರೆ 80 ಬರುತ್ತದೆ. ಉಳಿಯುವ ಆ 5 ಕೂಡ ಮಾಲೀಕರು ಕಟ್ಟಬೇಕಾದ ವಿಮೆ, ನಿಧಿಯ ಪಾಲಿಗೆ ಸಾಲದು. ಆದ್ದರಿಂದ ಭಾನುವಾರದ ಎದ್ದ ಹೊತ್ತಿಗೆ ಬಿಲ್ಲಿನಲ್ಲೂ ಬೇರೆ ದರ ಬೇಕು. ಪ್ಯಾಕೇಜಿನೊಳಗೆ ಬಿಟ್ಟುಕೊಟ್ಟ 60 ನಿಮಿಷ ಇನ್ನೊಂದು ಕಾರಣ: ಅದು ಮನೆಯವರಿಗೆ ಉಚಿತ, ಸಂಬಳದ ಪಟ್ಟಿಗೆ ಮೊದಲ ನಿಮಿಷದಿಂದಲೇ ಖರ್ಚು. ಆಸ್ಟ್ರೇಲಿಯದ ಅಂಗವಿಕಲರ ವಿಮಾ ಯೋಜನೆ ಎನ್‌ಡಿಐಎಸ್‌ನಲ್ಲಿ ಈ ಅಂತರ ನಿಯಮದಲ್ಲೇ ಕೂತಿದೆ. ಮಲಗುವ ಪಾಳಿಯ ದರದಲ್ಲಿ ಎರಡು ಗಂಟೆಯವರೆಗಿನ ಎದ್ದ ಹೊತ್ತು ಸೇರಿದೆ. ಆ ಕ್ಷೇತ್ರದ ವೇತನ ನಿಯಮವಾದರೋ ಎದ್ದ ಹೊತ್ತಿಗೆ ಕನಿಷ್ಠ ಒಂದು ಗಂಟೆಯ ಓಟಿ ಕೊಡಿ ಎನ್ನುತ್ತದೆ. ಅಲ್ಲಿ ಸಂಸ್ಥೆ ನಡೆಸುವವರು ಪ್ಯಾಕೇಜಿನ ಆಚೆಗೆ ಹೋಗುವ ರಾತ್ರಿಗಳಿಗಿಂತ ಅದರೊಳಗೇ ಎರಡು ಸಲ ಎಬ್ಬಿಸುವ ರಾತ್ರಿಗಳ ಮೇಲೆ ಕಣ್ಣಿಡಬೇಕು.

ಕನಿಷ್ಠ ವೇತನದ ತಾಳೆಯನ್ನು ನೆಮ್ಮದಿಯ ರಾತ್ರಿಯ ಮೇಲೆ ಮಾಡಿ. 550 ಭಾಗಿಸು 10 ಗಂಟೆ ಎಂದರೆ ಗಂಟೆಗೆ 55. ಮಲಗಿದ ಹೊತ್ತೂ ಎಣಿಕೆಗೆ ಬರುವ ಕಡೆ ಕನಿಷ್ಠ ವೇತನ 60 ಇದ್ದರೆ, ಸಾಲು ಸಾಲಾಗಿ ಎಲ್ಲ ಸರಿಯಿದ್ದೂ ಪಾಳಿ ಕಾನೂನು ಮುರಿದಿದೆ. ಗದ್ದಲದ ರಾತ್ರಿಯಲ್ಲಿ ತಾಳೆ ನೋಡಿದರೆ ಇದು ಕಾಣುವುದೇ ಇಲ್ಲ. ಕೊರತೆ ತುಂಬುವ ಸಾಲೊಂದನ್ನು ಲೆಕ್ಕದ ಕೊನೆಯಲ್ಲಿ ಇಡಿ.

ಲೆಕ್ಕದ ಸರದಿ

ಸರದಿ ಬದಲಾದರೆ ಮೊತ್ತ ಬದಲಾಗುತ್ತದೆ. ಕನಿಷ್ಠ ಅವಧಿಗಳನ್ನು ಸೇರಿಸಿ, ನಂತರ ನಡುರಾತ್ರಿ ಮತ್ತು ದರದ ಗೆರೆಗಳಲ್ಲಿ ಒಡೆಯಿರಿ, ಪ್ರತಿ ತುಂಡಿಗೆ ದರ ಹಚ್ಚಿ, ಹೆಚ್ಚಳ ತೀರ್ಮಾನಿಸಿ, ಆಮೇಲೆ ಓಟಿ, ಆಮೇಲೆ ಭತ್ಯೆ, ಆಮೇಲೆ ಕನಿಷ್ಠ ವೇತನದ ತಾಳೆ, ಕಟ್ಟಕಡೆಗೆ ಪೈಸೆಯ ಪೂರ್ಣಾಂಕ. ಒಡೆದ ಮೇಲೆ ಕನಿಷ್ಠ ಹಾಕಿದರೆ 23:40–00:25 ಎಂಬ ಒಂದೇ ಸಲ 20 ಮತ್ತು 25 ನಿಮಿಷದ ಎರಡಾಗಿ, ಎರಡೂ 30ಕ್ಕೆ ಏರಿ, 45 ನಿಮಿಷ 60 ಆಗುತ್ತದೆ. ನಡುರಾತ್ರಿ ದಾಟುವ ಕರೆಗಳಲ್ಲಷ್ಟೇ ಇದು ಆಗುವುದರಿಂದ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಂಚ್ ಸಮಯದ (ಬಂದು ಹೋದ ಹೊತ್ತಿನ ಗುರುತಿನ) ಪೂರ್ಣಾಂಕ ಬೇರೆ ವಿಷಯ. 20:54ಕ್ಕೆ ಬಂದವರಿಗೆ 21:00, 21:06ಕ್ಕೆ ಬಂದವರಿಗೂ 21:00 ಎಂಬ ಎರಡೂ ದಿಕ್ಕಿನ ಸಡಿಲಿಕೆ ಒಪ್ಪತಕ್ಕದ್ದು. ಸದಾ ಸಂಸ್ಥೆಯ ಕಡೆಗೇ ವಾಲುವ ಪೂರ್ಣಾಂಕ ಜಗಳಕ್ಕೆ ಆಹ್ವಾನ.

ಬೆಳಗಿನ ತೊಡಕುಗಳು

7ಕ್ಕೆ ಬರಬೇಕಾದವರು 7:40ಕ್ಕೆ ಬಂದರು. ಹೋಗಬೇಕಾದವರು ರೋಗಿಯನ್ನು ಒಂಟಿ ಬಿಟ್ಟು ಹೊರಡುವಂತಿಲ್ಲ. ಆ 40 ನಿಮಿಷ ಅವರಿಗೆ ಕೆಲಸದ ದರ, ಓಟಿ ತಾಗಿದರೆ ಓಟಿ, ತಡವಾದವರಿಗೆ 7:40ರಿಂದ, ಬಿಲ್ಲಿನಲ್ಲಿ ಒಬ್ಬರದೇ. ರೋಸ್ಟರಿನ ಸಮಯಕ್ಕೆ ಪಾಳಿ ತಾನಾಗಿ ಮುಚ್ಚುವ ಸೆಟ್ಟಿಂಗ್ ಇದ್ದರೆ ಈ 40 ನಿಮಿಷ ದಾಖಲೆಯಲ್ಲೇ ಉಳಿಯುವುದಿಲ್ಲ, ಅದನ್ನು ತೆಗೆದುಹಾಕಿ. ಹ್ಯಾಂಡೋವರ್‌ನ 15 ನಿಮಿಷ ಇಬ್ಬರಿಗೂ ಸಂಬಳ, ಬಿಲ್ ಒಂದೇ. ಈ ಖರ್ಚು ದರದೊಳಗೇ ಇರಬೇಕು.

ಊಟದ ಬಿಡುವೆಂದು 30 ನಿಮಿಷ ತಾನಾಗಿ ಕಳೆಯುವ ನಿಯಮವನ್ನು ಒಬ್ಬರೇ ಇರುವ ಎಚ್ಚರದ ಪಾಳಿಗೆ ಹಚ್ಚಬೇಡಿ. ಬದಲಿ ಇಲ್ಲದ ಕಡೆ ಬಿಡುವು ಬರೀ ಕಾಗದದ ಮೇಲೆ.

ಸಂಜೆ 6ಕ್ಕೆ ಫೋನ್ ಮಾಡಿ ಇವತ್ತು ಬೇಡ ಅಂದರೆ? ಬಿಲ್ಲಿನ ರದ್ದತಿ ಗಡುವೂ ಸಂಬಳದ ರದ್ದತಿ ಗಡುವೂ ಒಂದೇ ಇರಲಿ. ಮನೆಯವರಿಗೆ 4 ಗಂಟೆ ಮುಂಚಿನವರೆಗೆ ಉಚಿತ ರದ್ದತಿ, ಸಿಬ್ಬಂದಿಗೆ 24 ಗಂಟೆ ಮುಂಚೆ ಹೇಳದಿದ್ದರೆ ಪೂರ್ತಿ ಸಂಬಳ ಎಂದಿದ್ದರೆ ನಡುವಿನ 20 ಗಂಟೆ ಸಂಸ್ಥೆಯ ತಲೆಗೆ. ರಾತ್ರಿ 1ಕ್ಕೆ ರೋಗಿಯನ್ನು ಆಸ್ಪತ್ರೆಗೆ ಸೇರಿಸಿದರೆ ಏನೆಂಬುದನ್ನೂ ಬರೆಯಿರಿ. ಸಿಬ್ಬಂದಿ ಜೊತೆಗೆ ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರೆ ಮಲಗುವ ಅವಧಿ ಅಲ್ಲಿಗೆ ಮುಗಿಯಿತು, ಮುಂದೆಲ್ಲ ಎಚ್ಚರದ ದರ.

ಒಂದೇ ಸೂರಿನಡಿ ಮೂವರಿಗೆ ಒಬ್ಬರೇ ಸಿಬ್ಬಂದಿ ಇದ್ದಾಗ ಪ್ಯಾಕೇಜನ್ನು ಮೂರು ಪಾಲು ಮಾಡಿ, ಎದ್ದ ಹೊತ್ತನ್ನು ಮಾತ್ರ ಯಾರಿಗಾಗಿ ಎದ್ದರೋ ಅವರ ಖಾತೆಗೆ ಹಾಕಿ. 1,100 ಅನ್ನು ಮೂರು ಮಾಡಿದರೆ 366.67ರಂತೆ 1,100.01 ಆಗುತ್ತದೆ, ಕೊನೆಯ ಪಾಲು 366.66 ಇರಲಿ. ಸಂಬಳ ಮಾತ್ರ ಒಂದೇ ಸಲ. ಮೂರು ಬಿಲ್ ಸಾಲಿಗೆ ಮೂರು ಭತ್ಯೆ ಹುಟ್ಟಿಸುವ ದೋಷ ಇಲ್ಲಿ ತೀರಾ ಸಾಮಾನ್ಯ.

ಚಾಲೂ ಮಾಡುವ ಮುನ್ನ

ಕೈಯಲ್ಲಿ ಲೆಕ್ಕ ಹಾಕಿದ ಹತ್ತು ಹನ್ನೆರಡು ರಾತ್ರಿಗಳ ಕಡತ ಮಾಡಿ: ಒಮ್ಮೆಯೂ ಏಳದ ರಾತ್ರಿ, ನಡುರಾತ್ರಿ ದಾಟಿದ ಕರೆ, ಹತ್ತಿರ ಹತ್ತಿರದ ಎರಡು ಕರೆ, 6 ದಾಟಿದ ಕರೆ, ಶನಿ–ಭಾನು, ಭಾನು–ಸೋಮ, ರಜೆಯ ಹಿಂದಿನ ಮತ್ತು ರಜೆಯ ರಾತ್ರಿ, ತಿಂಗಳ ಕೊನೆ, ದರ ಬದಲಾದ ರಾತ್ರಿ, ಬದಲಿ ತಡವಾದದ್ದು, ಅರ್ಧಕ್ಕೆ ನಿಂತದ್ದು, ಇಬ್ಬರು ಸಿಬ್ಬಂದಿಯದ್ದು. ನಿಯಮ ಮುಟ್ಟಿದಾಗಲೆಲ್ಲ ಇವನ್ನು ಮತ್ತೆ ಓಡಿಸಿ. ನಂತರ ಒಂದು ಪೂರ್ತಿ ಸಂಬಳದ ತಿಂಗಳು ಹಳೆಯದನ್ನೂ ಹೊಸದನ್ನೂ ಜೊತೆಗೆ ನಡೆಸಿ. ಒಟ್ಟು ಮೊತ್ತ ಹೊಂದಿತೆಂದು ಸಮಾಧಾನಪಡಬೇಡಿ, ಒಬ್ಬೊಬ್ಬರ ಒಂದೊಂದು ರಾತ್ರಿಯನ್ನು ತಾಳೆ ನೋಡಿ. ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಬಿದ್ದರೂ ಮೊತ್ತ ಸರಿಯಾಗಿಯೇ ಕಾಣುತ್ತದೆ.

ಬಿಲ್ ಹೋದ ಮೇಲೆ ತಪ್ಪು ಸಿಕ್ಕರೆ ಹಳೆಯ ಸಾಲನ್ನು ತಿದ್ದಬೇಡಿ. ಅದನ್ನು ಪೂರ್ತಿ ಹಿಂತಿರುಗಿಸುವ ಒಂದು ಎಂಟ್ರಿ, ಸರಿಯಾದ ಮೊತ್ತದ ಇನ್ನೊಂದು ಎಂಟ್ರಿ, ಎರಡಕ್ಕೂ ಆ ರಾತ್ರಿಯ ತಾರೀಖು ಮತ್ತು ಲಾಗ್ ಪುಟದ ನಂಬರ್. ಸಂಬಳದ ಚೀಟಿಯಲ್ಲೂ 'ಹೊಂದಾಣಿಕೆ' ಎಂಬ ಒಂದೇ ಪದ ಸಾಲದು. ಯಾವ ರಾತ್ರಿ, ಎಷ್ಟು ನಿಮಿಷ, ಯಾವ ದರದಿಂದ ಯಾವ ದರಕ್ಕೆ ಎಂದು ಬಿಡಿಸಿ ಬರೆಯಿರಿ.